ಟಿವಿಗಾಗಿ ಎಷ್ಟು ದಿನದ ದುಡಿಮೆ?



ಸುಗ್ಗಿ ಮುಗಿದ ಮೇಲೆ ಮನೆ ಭೇಟಿಗೆಂದು ಸವಣೂರು ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಸಂಜೆ ಏಳರ ಹೊತ್ತು. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಯಾವ ಮನೆಗೆ ಹೋದರೂ ಟಿವಿಯ ಸದ್ದು ಮೊದಲು ಸ್ವಾಗತಿಸುತ್ತದೆ. ಆ ಮನೆಯಲ್ಲಿ ಮಾತ್ರ ಗೋಡೆಯ ಮೇಲಿನ ದೊಡ್ಡ ಟಿವಿ ಕಪ್ಪಾಗಿತ್ತು. ಮನೆಯ ಹಿರಿಯ ತಾಯಿ ಒಬ್ಬರೇ ಕುಳಿತಿದ್ದರು.

“ಟಿವಿ ಕೆಟ್ಟೈತೇನವ್ವಾ?” ಎಂದು ಕೇಳಿದೆ.

“ಕೆಟ್ಟಿಲ್ರಿ ಫಾದರ್. ಮಗನ ಫೋನು ಹುಬ್ಬಳ್ಳಿಗೆ ಹೋಗೈತ್ರಿ” ಎಂದರು.

ಮೊದಲು ನನಗೆ ಅರ್ಥವಾಗಲಿಲ್ಲ. ವಿಚಾರಿಸಿದಾಗ ತಿಳಿಯಿತು. ಕೇಬಲ್‌ಗೆ ತಿಂಗಳು ತಿಂಗಳು ರೊಕ್ಕ ಕಟ್ಟುವುದು ದಂಡವೆಂದು ಮಗ ಅದನ್ನು ತೆಗೆಸಿದ್ದ. ಹೊಸ ಟಿವಿಗೆ ತನ್ನ ಫೋನಿನ ಅಂತರ್ಜಾಲ ಜೋಡಿಸಿ, ಒಟಿಟಿಯ ಚಂದಾ ಮಾಡಿ, “ಇನ್ನು ಬೇಕಾದ್ದು ಬೇಕಾದಾಗ ನೋಡವ್ವಾ” ಎಂದಿದ್ದ. ಆಮೇಲೆ ಅವನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಅವನ ಜೊತೆ ಫೋನೂ ಹೋಯಿತು, ಅಂತರ್ಜಾಲವೂ ಹೋಯಿತು. ಉಳಿದದ್ದು ಗೋಡೆಯ ಮೇಲಿನ ಕಪ್ಪು ಗಾಜು. ಚಂದಾ ಹಣ ಮಾತ್ರ ಮಗನ ಖಾತೆಯಿಂದ ತಪ್ಪದೆ ಹೋಗುತ್ತಿತ್ತು.

ಮಗ ಕೆಟ್ಟವನಲ್ಲ. ಅವನು ಲೆಕ್ಕ ಹಾಕಿಯೇ ಕೇಬಲ್ ತೆಗೆಸಿದ್ದ. ಆದರೆ ಆ ಲೆಕ್ಕದಲ್ಲಿ ಅವ್ವ ಇರಲಿಲ್ಲ. ಆದ್ದರಿಂದ ಈ ವಾರ, ಮನೆಯ ಮನರಂಜನೆಗೆ ನಾವು ಕೊಡುವ ಬೆಲೆ ಎಷ್ಟು, ಅದರಿಂದ ಅನುಕೂಲ ಯಾರಿಗೆ ಎಂಬುದನ್ನು ಕುಳಿತು ನೋಡೋಣ. ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಪ್ರಭು ಹೇಳುವುದು ನಿಮಗೆ ನೆನಪಿರಬಹುದು. ಗೋಪುರಕ್ಕೆ ಸಲ್ಲುವ ಮಾತು ಟಿವಿಗೂ ಸಲ್ಲುತ್ತದೆ.

ಊರಿಗೊಂದು ಟಿವಿಯಿಂದ ಕೈಗೊಂದು ಪರದೆಗೆ

ನಮ್ಮ ನಾಡಿನ ಹಳ್ಳಿಗಳಿಗೆ ಟಿವಿ ಮೊದಲು ಬಂದದ್ದು ಊರಿನ ಸೊತ್ತಾಗಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ ಹೇಳುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿ ಸೇರಿದ್ದವು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳನ್ನು ಆರಿಸಿದ್ದರು. ಹಳ್ಳಿಗೆ ಒಂದು ಟಿವಿ; ಊರೆಲ್ಲ ಅದರ ಮುಂದೆ. 1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಆರಂಭವಾದಾಗಲೂ ಓಣಿಯಲ್ಲಿ ಟಿವಿ ಇದ್ದ ಮನೆಗೆ ಭಾನುವಾರ ಬೆಳಿಗ್ಗೆ ಓಣಿಯೇ ನೆರೆಯುತ್ತಿತ್ತು. 1994ರಲ್ಲಿ ಉದಯ ಟಿವಿ ಬಂದ ಮೇಲೆ ಕೇಬಲ್ ತಂತಿ ಮನೆ ಮನೆಗೆ ಹರಿಯಿತು. ಆಗ ಮನೆಗೊಂದು ಟಿವಿ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಅದೇ ವರ್ಷ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಡಿಸೆಂಬರ್‌ನಲ್ಲಿ ಅಮೆಜಾನ್‌ನ ಪ್ರೈಮ್ ವಿಡಿಯೋ ಭಾರತಕ್ಕೆ ಬಂದವು. ಹಾಟ್‌ಸ್ಟಾರ್ ಒಂದು ವರ್ಷ ಮೊದಲೇ ಬಂದಿತ್ತು. ಈಗ ಕೈಗೊಂದು ಪರದೆ. ಈ ಬದಲಾವಣೆಯಲ್ಲಿ ಖರ್ಚಿನ ಸ್ವರೂಪವೂ ಬದಲಾಯಿತು. ಊರಿಗೊಂದು ಟಿವಿ ಇದ್ದಾಗ ಖರ್ಚು ಊರಿನದು. ಮನೆಗೊಂದು ಇದ್ದಾಗ ಖರ್ಚು ಮನೆಯದು, ಅದು ಎಲ್ಲರಿಗೂ ಗೊತ್ತಿರುತ್ತಿತ್ತು. ಕೇಬಲ್‌ನವನು ತಿಂಗಳಿಗೊಮ್ಮೆ ಬಾಗಿಲಿಗೆ ಬಂದು ಕೇಳುತ್ತಿದ್ದ. ಅಪ್ಪ ಗೊಣಗುತ್ತಾ ಕೊಡುತ್ತಿದ್ದ. ಈಗ ಬಾಗಿಲಿಗೆ ಯಾರೂ ಬರುವುದಿಲ್ಲ. ಹಣ ತಾನಾಗಿ ಹೋಗುತ್ತದೆ. ಗೊಣಗುವವರೂ ಇಲ್ಲ, ಲೆಕ್ಕ ಇಡುವವರೂ ಇಲ್ಲ.

ನಾಲ್ಕು ದಾರಿಗಳ ಲೆಕ್ಕ

ನಮ್ಮ ಮನೆಗಳ ಮುಂದೆ ಇಂದು ನಾಲ್ಕು ದಾರಿಗಳಿವೆ. ಒಂದೊಂದರ ಬೆಲೆಯನ್ನು ರೂಪಾಯಿಯಲ್ಲಿ ಹೇಳಿ ಬಿಟ್ಟರೆ ಮನಸ್ಸಿಗೆ ತಟ್ಟದು. ಆದ್ದರಿಂದ ದುಡಿಮೆಯ ದಿನಗಳಲ್ಲಿ ಅಳೆಯೋಣ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಕಂಪನಿಗಳ ದರ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿನ ಅಂಕೆಗಳಿಗಿಂತ ಲೆಕ್ಕದ ಕ್ರಮ ಮುಖ್ಯ.

1. ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾದ ಸೇವೆ ಇದು. ಬುಟ್ಟಿ ಮತ್ತು ಪೆಟ್ಟಿಗೆಗೆ ಒಮ್ಮೆ ಸುಮಾರು 2,000 ರೂಪಾಯಿ. ಆಮೇಲೆ ತಿಂಗಳ ಬಾಡಿಗೆ ಇಲ್ಲ. ಐದು ವರ್ಷ ಬಾಳಿದರೆ ವರ್ಷಕ್ಕೆ 400 ರೂಪಾಯಿ, ಅಂದರೆ ಒಂದು ದಿನದ ದುಡಿಮೆಗಿಂತ ಸ್ವಲ್ಪ ಹೆಚ್ಚು. ಚಂದನ ವಾಹಿನಿ ಬರುತ್ತದೆ. ಆದರೆ ದುಡ್ಡು ಕೊಟ್ಟು ನೋಡುವ ಧಾರಾವಾಹಿ ವಾಹಿನಿಗಳನ್ನು ಇದರಲ್ಲಿ ನಿರೀಕ್ಷಿಸಬೇಡಿ. ಕೊಳ್ಳುವ ಮೊದಲು ಯಾವ ಯಾವ ಕನ್ನಡ ವಾಹಿನಿ ಬರುತ್ತದೆಂದು ಕೇಳಿ ತಿಳಿಯಿರಿ.

2. ಕೇಬಲ್ ಅಥವಾ ಖಾಸಗಿ ಡಿಶ್. 2019ರ ಫೆಬ್ರವರಿ 1ರಿಂದ ಟ್ರಾಯ್ ಹೊಸ ಕ್ರಮ ಜಾರಿಗೆ ತಂದಿತು. ಮೂಲ ಶುಲ್ಕ 130 ರೂಪಾಯಿ, ಶೇಕಡಾ 18 ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಪಾವತಿ ವಾಹಿನಿಗಳ ಬೆಲೆ ಬೇರೆ. 2024ರ ಜುಲೈನಲ್ಲಿ ಆ ಮೂಲ ಶುಲ್ಕದ ಮಿತಿಯನ್ನು ತೆಗೆದರು. ನಿಮ್ಮ ಮನೆಯ ಬಿಲ್ಲು ತಿಂಗಳಿಗೆ 300 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 3,600. ಸುಮಾರು ಹತ್ತು ದಿನದ ದುಡಿಮೆ. ಇಡೀ ಗಂಟನ್ನೇ ಕೊಳ್ಳಬೇಕೆಂದಿಲ್ಲ, ಬೇಕಾದ ವಾಹಿನಿಗಳನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಿಮಗಿದೆ.

3. ಫೋನಿನಲ್ಲಿ ಒಟಿಟಿ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ದರ ಇಳಿಸಿದಾಗ ಫೋನಿನ ಚಂದಾ ತಿಂಗಳಿಗೆ 149 ಆಯಿತು, ವರ್ಷಕ್ಕೆ 1,788. ಜಿಯೋಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಆರಂಭವಾದಾಗ ಒಂದು ಫೋನಿಗೆ ವರ್ಷಕ್ಕೆ 499. ಎರಡರಿಂದ ಐದು ದಿನದ ದುಡಿಮೆ. ಅಗ್ಗವೇ ಸರಿ, ಆದರೆ ಒಂದು ಫೋನು, ಒಬ್ಬರ ಕಣ್ಣು.

4. ಮನೆಯ ಟಿವಿಗೆ ಒಟಿಟಿ. ಮನೆಮಂದಿ ಕೂಡಿ ನೋಡಬೇಕೆಂದರೆ ಮನೆಗೆ ಅಂತರ್ಜಾಲದ ಸಂಪರ್ಕ ಬೇಕು. ತಿಂಗಳಿಗೆ 399ರ ಯೋಜನೆ ಎಂದರೆ ತೆರಿಗೆ ಸೇರಿ ಸುಮಾರು 471. ವರ್ಷಕ್ಕೆ ಸುಮಾರು 5,650. ಇದರ ಮೇಲೆ ಮೂರು ಸೇವೆಗಳ ಚಂದಾ: ನೆಟ್‌ಫ್ಲಿಕ್ಸ್ ತಿಂಗಳಿಗೆ 199ರಂತೆ 2,388, ಪ್ರೈಮ್ 1,499, ಜಿಯೋಹಾಟ್‌ಸ್ಟಾರ್ ಆರಂಭದ ದರದಲ್ಲಿ 899. ಒಟ್ಟು 10,436 ರೂಪಾಯಿ. ಇದು ಇಪ್ಪತ್ತೆಂಟು ದಿನದ ದುಡಿಮೆ! ಭಾನುವಾರ ಬಿಟ್ಟು ದುಡಿಯುವವರಿಗೆ ಒಂದು ತಿಂಗಳಿಗಿಂತ ಹೆಚ್ಚು.

‘ಬರೀ ನೂರಾ ತೊಂಬತ್ತೊಂಬತ್ತು’ ಎಂದು ಆರಂಭವಾದದ್ದು ಎಲ್ಲಿಗೆ ಬಂದು ನಿಂತಿತು ನೋಡಿದಿರಾ? ಹನಿ ಹನಿ ಕೂಡಿದರೆ ಹಳ್ಳ ಎಂಬುದು ಉಳಿತಾಯಕ್ಕೆ ಹೇಳಿದ ಗಾದೆ. ಖರ್ಚಿಗೂ ಅದು ಅಷ್ಟೇ ನಿಜ.

ಅನುಕೂಲವೂ ನಿಜವೇ

ಹೀಗೆಂದು ಒಟಿಟಿಯನ್ನು ಹಳಿಯುವುದು ನ್ಯಾಯವಲ್ಲ. ಹಾನಗಲ್ ಕಡೆಯ ರೈತ ರಾತ್ರಿ ಕರೆಂಟು ಬಂದಾಗ ಪಂಪು ಚಾಲೂ ಮಾಡಲು ಗದ್ದೆಗೆ ಹೋಗುತ್ತಾನೆ. ಎಂಟು ಗಂಟೆಯ ಕಾರ್ಯಕ್ರಮ ಅವನಿಗಾಗಿ ಕಾಯುವುದಿಲ್ಲ, ಒಟಿಟಿ ಕಾಯುತ್ತದೆ. ಶಿಗ್ಗಾಂವಿಯಿಂದ ದಿನವೂ ಹುಬ್ಬಳ್ಳಿಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ಹೆಣ್ಣುಮಗಳು ಮನೆಯಲ್ಲೇ ಇಳಿಸಿಕೊಂಡ ಒಂದು ಕಂತನ್ನು ದಾರಿಯಲ್ಲಿ ನೋಡಿ ದಣಿವು ಮರೆಯುತ್ತಾಳೆ. ಕಿವಿ ಮಂದವಾದವರಿಗೆ ಪರದೆಯ ಕೆಳಗೆ ಅಕ್ಷರ ಮೂಡುವುದು ದೊಡ್ಡ ಉಪಕಾರ. ಮನೆಯ ಅಂತರ್ಜಾಲದಿಂದ ಮಕ್ಕಳ ಓದಿಗೂ ಪ್ರಯೋಜನವಿದೆ. ಆ ಖರ್ಚನ್ನೆಲ್ಲ ಮನರಂಜನೆಯ ತಲೆಗೆ ಕಟ್ಟುವುದೂ ಸರಿಯಲ್ಲ.

ಚಿತ್ರಮಂದಿರ ದೂರವಿರುವ ಊರುಗಳಿಗೆ ಹೊಸ ಚಿತ್ರ ಬೇಗ ಮುಟ್ಟುವುದೂ ಇದರಿಂದಲೇ. 2020ರಲ್ಲಿ ಕೊರೋನಾದಿಂದ ಚಿತ್ರಮಂದಿರಗಳು ಮುಚ್ಚಿದ್ದಾಗ ಪುನೀತ್ ರಾಜಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಜುಲೈ 17ರಂದು ನೇರವಾಗಿ ಪ್ರೈಮ್‌ನಲ್ಲಿ ಬಿಡುಗಡೆಯಾಯಿತು. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ ನವೆಂಬರ್ 24ಕ್ಕೆ ಮನೆಯ ಪರದೆಗೆ ಬಂತು. ಎಂಟು ವಾರ ಕಾಯುವ ತಾಳ್ಮೆ ಇದ್ದರೆ ಇಡೀ ಮನೆಯ ಬಸ್ ಚಾರ್ಜು, ಟಿಕೇಟಿನ ಹಣ ಉಳಿಯುತ್ತದೆ.

ಆದರೆ ಒಂದು ಮಾತು. ಈ ಸೇವೆಗಳ ಕಪಾಟಿನಲ್ಲಿ ಕನ್ನಡದ ಪಾಲು ಇನ್ನೂ ಸಣ್ಣದು. ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ ‘ಏಕಂ’ ಎಂಬ ಕನ್ನಡ ಸರಣಿಯನ್ನು ಕೊಳ್ಳಲು ಒಟಿಟಿಗಳು ಮುಂದೆ ಬರದೆ, 2024ರ ಜುಲೈನಲ್ಲಿ ಅದನ್ನು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಕನ್ನಡ ಮಾತ್ರ ತಿಳಿದ ಅವ್ವನಿಗೆ ಸಾವಿರ ಇಂಗ್ಲಿಷ್ ಚಿತ್ರಗಳಿರುವ ಸೇವೆಗಿಂತ ನಾಲ್ಕು ಕನ್ನಡ ವಾಹಿನಿಯ ಕೇಬಲ್ಲೇ ಶ್ರೀಮಂತ.

ಕಣ್ಣಿಗೆ ಕಾಣದ ನಾಲ್ಕು ಖರ್ಚುಗಳು

ಮೊದಲನೆಯದು, ಹದಿಮೂರನೆಯ ತಿಂಗಳು. ನಾವು ‘ತಿಂಗಳ ರೀಚಾರ್ಜ್’ ಎನ್ನುವುದು ಸಾಮಾನ್ಯವಾಗಿ 28 ದಿನದ್ದು. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಕಟ್ಟುತ್ತೇವೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಜಿಯೋದ ದಿನಕ್ಕೆ 1.5 ಜಿಬಿಯ ಯೋಜನೆ 299 ಆಯಿತು. ಹದಿಮೂರು ಸಲಕ್ಕೆ 3,887. ಮನೆಯಲ್ಲಿ ಮೂರು ಫೋನಿದ್ದರೆ ಮೂರು ಪಟ್ಟು. ಕಂಪನಿಗಳು 30 ದಿನದ ಒಂದು ಯೋಜನೆಯನ್ನಾದರೂ ಕೊಡಲೇಬೇಕೆಂದು ಟ್ರಾಯ್ 2022ರಲ್ಲಿ ಆದೇಶಿಸಿತು. ಕೇಳಿ ಪಡೆಯಿರಿ.

ಎರಡನೆಯದು, ಡೇಟಾದ ಹಸಿವು. ಸಾಧಾರಣ ಗುಣಮಟ್ಟದಲ್ಲಿ ಒಂದು ಗಂಟೆ ಚಿತ್ರ ನೋಡಿದರೆ ಸುಮಾರು 1 ಜಿಬಿ, ಹೆಚ್ಚು ಸ್ಪಷ್ಟತೆಯಲ್ಲಿ 3 ಜಿಬಿವರೆಗೆ ಖರ್ಚಾಗುತ್ತದೆ. ಫೋನಿನ 1.5 ಜಿಬಿಯನ್ನು ಟಿವಿಗೆ ಜೋಡಿಸಿದರೆ ಅರ್ಧ ಗಂಟೆಯಲ್ಲಿ ಬರಿದಾಗಬಹುದು. ಗುಣಮಟ್ಟವನ್ನು ಕಡಿಮೆಗೆ ಇಡಲು ಸೆಟ್ಟಿಂಗ್‌ನಲ್ಲಿ ಅವಕಾಶವಿದೆ.

ಮೂರನೆಯದು, ಏರುವ ಬೆಲೆ. ಪ್ರೈಮ್ 2016ರಲ್ಲಿ ವರ್ಷಕ್ಕೆ 499 ಎಂದು ಬಂತು. 2021ರ ಡಿಸೆಂಬರ್‌ನಲ್ಲಿ 999ರಿಂದ 1,499 ಆಯಿತು. 2025ರ ಜೂನ್‌ನಿಂದ ಜಾಹೀರಾತೂ ಸೇರಿತು; ಅದು ಬೇಡವೆಂದರೆ ವರ್ಷಕ್ಕೆ ಇನ್ನೂ 699 ಕೊಡಬೇಕು. ಐಪಿಎಲ್ ಪಂದ್ಯಗಳನ್ನು 2023ರಲ್ಲಿ ಜಿಯೋಸಿನಿಮಾ ಉಚಿತವಾಗಿ ತೋರಿಸಿತು. 2025ಕ್ಕೆ ಚಂದಾ ಅಥವಾ ನಿಗದಿತ ರೀಚಾರ್ಜ್ ಬೇಕಾಯಿತು. ರುಚಿ ಹತ್ತಿದ ಮೇಲೆ ಬೆಲೆ ಹೇಳುವುದು ವ್ಯಾಪಾರದ ಹಳೆಯ ಜಾಣತನ.

ನಾಲ್ಕನೆಯದು, ಮರೆವು. ಇದರಲ್ಲಿ ನಾನೇ ತಪ್ಪಿತಸ್ಥ. ಒಂದು ಸರಣಿ ನೋಡಬೇಕೆಂದು ಗುರುನಿವಾಸದಲ್ಲಿ ಒಂದು ಚಂದಾ ಮಾಡಿದೆ. ಹತ್ತು ದಿನದಲ್ಲಿ ನೋಡಿ ಮುಗಿಸಿ, ಆಪ್ ಅಳಿಸಿ, ಕೆಲಸ ಮುಗಿಯಿತೆಂದುಕೊಂಡೆ. ಏಳು ತಿಂಗಳ ನಂತರ ಪಾಸ್‌ಬುಕ್ ನೋಡಿದಾಗ ಪ್ರತಿ ತಿಂಗಳೂ ಹಣ ಹೋಗಿತ್ತು. ಆಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ ಎಂಬ ಸಣ್ಣ ಸಂಗತಿ ನನಗೆ ತಿಳಿದಿರಲಿಲ್ಲ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ, ತಾನಾಗಿ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ನನಗೂ ಬಂದಿತ್ತು. ನೂರು ಸಂದೇಶಗಳ ನಡುವೆ ನಾನು ಓದಿರಲಿಲ್ಲ. ನಿಮ್ಮ ಯುಪಿಐ ಆಪ್‌ನಲ್ಲಿ ‘ಆಟೋಪೇ’ ಎಂಬ ಭಾಗವನ್ನು ಇಂದೇ ತೆರೆದು ನೋಡಿ. ಅಲ್ಲಿಂದಲೇ ರದ್ದು ಮಾಡಬಹುದು.

‘ಪುಕ್ಕಟೆ’ ಎಂಬ ಐದನೆಯ ದಾರಿ

ಕೆಲವು ಯುವಕರು ನಗುತ್ತಾ ಹೇಳುತ್ತಾರೆ: “ಯಾಕ್ರಿ ಫಾದರ್ ಇಷ್ಟು ಲೆಕ್ಕ? ಟೆಲಿಗ್ರಾಮ್‌ನ್ಯಾಗ ಎಲ್ಲಾ ಪುಕ್ಕಟೆ ಸಿಗತೈತ್ರಿ.” ಅದು ದಾರಿಯಲ್ಲ, ಬೇಲಿ ಹಾರುವುದು. ಒಂದು ಚಿತ್ರದ ಹಿಂದೆ ದೀಪ ಹಿಡಿದವನಿಂದ ಹಿಡಿದು ಬಟ್ಟೆ ಹೊಲಿದವಳವರೆಗೆ ನೂರಾರು ಜನರ ಕೂಲಿ ಇದೆ. ಸವಣೂರಿನ ವೀಳ್ಯದೆಲೆ ತೋಟಕ್ಕೆ ರಾತ್ರಿ ನುಗ್ಗಿ ಒಂದು ಕಟ್ಟು ಎಲೆ ಕಿತ್ತವನನ್ನು ನಾವು ಏನೆಂದು ಕರೆಯುತ್ತೇವೆ? 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆ ಚಿತ್ರಗಳನ್ನು ಕದ್ದು ನಕಲು ಮಾಡಿ ಹಂಚುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ ವಿಧಿಸುತ್ತದೆ.

ನ್ಯಾಯವಾಗಿಯೇ ಪುಕ್ಕಟೆ ಸಿಗುವುದೂ ಇದೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ತನ್ನದೇ ಒಟಿಟಿ ಆರಂಭಿಸಿತು; ದೂರದರ್ಶನದ ವಾಹಿನಿಗಳು ಅದರಲ್ಲಿವೆ. ಗ್ರಾಮ ಪಂಚಾಯ್ತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಅಲ್ಲಿಯ ಪುಸ್ತಕಕ್ಕೆ ಡೇಟಾ ಬೇಡ, ಚಾರ್ಜೂ ಬೇಡ.

ಹಾಗಾದರೆ ಏನು ಮಾಡೋಣ?

ಒಂದೇ ಉತ್ತರ ಎಲ್ಲ ಮನೆಗೂ ಹೊಂದದು. ಆದರೆ ಒಂದೇ ಅಳತೆ ಎಲ್ಲರಿಗೂ ಹೊಂದುತ್ತದೆ: ಎಷ್ಟು ಜನ, ಎಷ್ಟು ಗಂಟೆ ನೋಡುತ್ತಾರೆ? ಮೇಲಿನ 10,436 ರೂಪಾಯಿ ದಿನಕ್ಕೆ 29 ರೂಪಾಯಿಗೆ ಹತ್ತಿರ. ಐದು ಜನ ಕೂಡಿ ಎರಡು ಗಂಟೆ ನೋಡಿದರೆ ಒಬ್ಬರಿಗೆ ಗಂಟೆಗೆ ಮೂರು ರೂಪಾಯಿಯೂ ಬೀಳದು, ಅದು ಅಗ್ಗ. ಎಲ್ಲರೂ ಮಲಗಿದ ಮೇಲೆ ಮಗ ಒಬ್ಬನೇ ಒಂದು ಗಂಟೆ ನೋಡಿದರೆ ಅದೇ ಸೇವೆ ಗಂಟೆಗೆ 29 ರೂಪಾಯಿ. ಬೆಲೆಯನ್ನು ಕಂಪನಿ ನಿಗದಿ ಮಾಡುತ್ತದೆ, ನಿಜ. ಅದು ಅಗ್ಗವೋ ದುಬಾರಿಯೋ ಎಂಬುದನ್ನು ಮನೆಯ ರೂಢಿ ನಿಗದಿ ಮಾಡುತ್ತದೆ.

ಇನ್ನೊಂದು ಸಂಗತಿ. ತಿಂಗಳಿಗೊಮ್ಮೆ ಹಣ ಕಡಿತವಾಗುವ ಪದ್ಧತಿ ತಿಂಗಳಿಗೊಮ್ಮೆ ಸಂಬಳ ಬರುವವರಿಗೆ ಮಾಡಿದ್ದು. ಹಿರೇಕೆರೂರು ಕಡೆಯ ಗೋವಿನಜೋಳದ ರೈತನಿಗೆ ಹಣ ಬರುವುದು ಮಾಲು ಮಾರಿದಾಗ. ಬಿತ್ತನೆಯ ಕಾಲದಲ್ಲಿ ಬೀಜ-ಗೊಬ್ಬರಕ್ಕೆ ಕೈಗಡ ತರುವಾಗಲೂ ಚಂದಾ ಹೋಗುತ್ತಿದ್ದರೆ ಅದು ಸಾಲದ ರೊಕ್ಕದಲ್ಲಿ ನೋಡಿದ ಸಿನಿಮಾ. ಇಲ್ಲಿ ಒಟಿಟಿಯ ಒಂದು ಒಳ್ಳೆಯ ಗುಣವನ್ನು ಬಳಸಿಕೊಳ್ಳಿ: ತಿಂಗಳ ಚಂದಾವನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು. ಸುಗ್ಗಿ ಮುಗಿದು ಬಿಡುವಿದ್ದಾಗ ಒಂದು ತಿಂಗಳು ಹಾಕಿಸಿ, ಬೇಕಾದ್ದನ್ನು ಕೂಡಿ ನೋಡಿ, ನಿಲ್ಲಿಸಿ. ಮುಂದಿನ ಬಿಡುವಿಗೆ ಇನ್ನೊಂದು ಸೇವೆ. ಒಂದು ಸಲಕ್ಕೆ ಒಂದೇ. ಮಾಡಿದ ದಿನವೇ ಆಟೋಪೇ ರದ್ದು ಮಾಡಿದರೂ ಕಟ್ಟಿದ ತಿಂಗಳು ಮುಗಿಯುವವರೆಗೆ ಸಾಮಾನ್ಯವಾಗಿ ನೋಡಬಹುದು.

ಕೊನೆಯದಾಗಿ, ಮನೆಯಲ್ಲಿ ಫೋನ್ ಬಳಸಲು ಬಾರದವರು ಒಬ್ಬರಿದ್ದರೂ ಅವರಿಗಾಗಿ ಗುಂಡಿ ಒತ್ತಿದರೆ ಬರುವ ಒಂದು ದಾರಿ ಉಳಿಸಿ. ಫ್ರೀ ಡಿಶ್ ಆದರೂ ಆದೀತು, ನಾಲ್ಕು ವಾಹಿನಿಯ ಕೇಬಲ್ ಆದರೂ ಆದೀತು. ಅದನ್ನು ತೆಗೆಸುವ ಮೊದಲು ಅವರನ್ನು ಕೇಳಿ.

ಮನೆಮಂದಿ ಕೂಡಿ ಚರ್ಚಿಸಲು

1. ನಮ್ಮ ಮನೆಯಿಂದ ಟಿವಿ, ಡೇಟಾ, ಚಂದಾಗಳಿಗೆ ಕಳೆದ ಮೂರು ತಿಂಗಳಲ್ಲಿ ಹೋದ ಹಣವೆಷ್ಟು? ಒಂದು ಹಾಳೆಯಲ್ಲಿ ಬರೆಯಿರಿ. ಅದು ಎಷ್ಟು ದಿನದ ದುಡಿಮೆ?

2. ಯಾರ ಯಾರ ಫೋನಿನಲ್ಲಿ ಆಟೋಪೇ ಇದೆ? ಅದರಲ್ಲಿ ಈ ತಿಂಗಳು ನೋಡದೇ ಇದ್ದದ್ದು ಯಾವುದು?

3. ವಾರದಲ್ಲಿ ಎಷ್ಟು ಗಂಟೆ ನಾವು ಕೂಡಿ ನೋಡುತ್ತೇವೆ? ಎಷ್ಟು ಗಂಟೆ ಒಬ್ಬೊಬ್ಬರೇ?

4. ನಾವು ಮಾಡಿಕೊಂಡ ಅನುಕೂಲದಿಂದ ಮನೆಯಲ್ಲಿ ಯಾರಿಗಾದರೂ ಅನನುಕೂಲ ಆಗಿದೆಯೇ?

ಆ ದಿನ ಹೊರಡುವ ಮೊದಲು ನಾನು ಆ ತಾಯಿಯ ಮಗನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ವ ನನಗ ಒಂದ್ ದಿನಾನೂ ಹೇಳಿಲ್ರಿ ಫಾದರ್” ಎಂದ. ಮುಂದಿನ ಭಾನುವಾರ ಊರಿಗೆ ಬಂದು ಕೇಬಲ್ ಮತ್ತೆ ಹಾಕಿಸಿದ. ತಾಯಂದಿರು ಹೇಳುವುದಿಲ್ಲ, ಓದುಗರೇ. ನಾವೇ ಕೇಳಬೇಕು.